ಹೆಸರು ಕೊರೆಯುವವನ ಬಲಗಣ್ಣು

ಸರಕು ಅಂತ ನೋಡಿದರೆ ಶ್ರೀಶೈಲ ಸೆಕೆಂಡ್ಸ್ ಮಾಲು. ಎತ್ತರ ಸಾಲದು, ಎದೆ ಅಗಲವಿಲ್ಲ, ಮುಂದಿನ ಹಲ್ಲುಗಳ ನಡುವೆ ನಾಲ್ಕಾಣೆ ತೂರುವಷ್ಟು ಸಂದಿ. ಮಾತು ಗಜೇಂದ್ರಗಡದ್ದು, ವಿಜಯನಗರದ ಗಿರಾಕಿಗೆ ಅದರಲ್ಲಿ ಅರ್ಧ ತಿಳಿಯುತ್ತಿರಲಿಲ್ಲ, ಉಳಿದರ್ಧ ಜಗಳದ ಹಾಗೆ ಕೇಳಿಸುತ್ತಿತ್ತು. ಇಂಥವನನ್ನು ಮೂಟೆ ಹೊರಲು ಇಟ್ಟುಕೊಂಡರೆ ನಷ್ಟ, ಕೌಂಟರಿನಲ್ಲಿ ನಿಲ್ಲಿಸಿದರೆ ಇನ್ನೂ ನಷ್ಟ. ಆದರೆ ಕೈಗೆ ಕೊರೆಯುವ ಮಿಷನ್ನು ಕೊಟ್ಟು ಮುಂದೊಂದು ಸ್ಟೀಲ್ ಲೋಟ ಇಟ್ಟರೆ ಅವನ ರೇಟೇ ಬೇರೆ. ಲೋಟದ ಹೊಟ್ಟೆಯ ಮೇಲೆ ಹೆಸರು ಹಾಕುವುದೆಂದರೆ ಉರುಳುವ ಚೆಂಡಿನ ಮೇಲೆ ರಂಗೋಲಿ ಬಿಟ್ಟ ಹಾಗೆ. ಶ್ರೀಶೈಲ ಅದನ್ನು ಗಿರಾಕಿಯೊಡನೆ ಹರಟುತ್ತಲೇ ಮಾಡುತ್ತಿದ್ದ. ಇಷ್ಟೂ ಲೆಕ್ಕ ಹಾಕಿಯೇ ಕೃಷ್ಣಯ್ಯ ಅವನನ್ನು ಅಂಗಡಿಯ ಮೆಟ್ಟಿಲ ಪಕ್ಕ ಸ್ಟೂಲು ಹಾಕಿ ಕೂರಿಸಿಕೊಂಡದ್ದು. ಧರ್ಮಕ್ಕೆ ಅಂತ ಯಾರಾದರೂ ತಿಳಿದಿದ್ದರೆ ಅವರಿಗೆ ಕೃಷ್ಣಯ್ಯ ಗೊತ್ತಿಲ್ಲ.

ಮಾರ್ಕೆಟ್ಟಿನ ಬೀದಿಯಲ್ಲಿ ಕೃಷ್ಣಯ್ಯನದು ಹಳೆಯ ಪಾತ್ರೆ ಅಂಗಡಿ. ಅಂಗಡಿ ರಸ್ತೆಗಿಂತ ಎತ್ತರ. ಒಳಗೆ ಹೆಂಗಸರು ತಗ್ಗು ಮಣೆಗಳ ಮೇಲೆ ಕೂತು, ಸುತ್ತ ಪಾತ್ರೆ ಹರಡಿಕೊಂಡು, ಬೆರಳಲ್ಲಿ ತಟ್ಟಿ ತಟ್ಟಿ ಆರಿಸುತ್ತಿದ್ದರು. ಕೊಂಡ ಮೇಲೆ ಎಲ್ಲರೂ ನಿಲ್ಲುವುದು ಶ್ರೀಶೈಲನ ಮುಂದೆ. ಪಕ್ಕದ ಮನೆಗೆ ಸಾರು ಕಳಿಸಿದ ಡಬ್ಬಿ ವಾಪಸ್ ಬರಬೇಕಲ್ಲ, ಮೇಲೆ ಹೆಸರಿರಬೇಕು. ಮದುವೆಗೆ ಕೊಟ್ಟ ಬಿಂದಿಗೆ ಯಾರು ಕೊಟ್ಟದ್ದೆಂದು ಹತ್ತು ವರ್ಷದ ಮೇಲೂ ಗೊತ್ತಾಗಬೇಕು, ಹೆಸರಿರಬೇಕು. ಅಕ್ಷರಕ್ಕಿಷ್ಟು ಅಂತ ದರ. ಒತ್ತಕ್ಷರವನ್ನು ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

“ಒತ್ತು ಫ್ರೀ ಅಕ್ಕಾರ. ವೆಂಕಟಲಕ್ಷ್ಮಮ್ಮ ಅಂತ ಹೆಸರಿಟ್ಕೊಂಡು ಮೊದಲ ಸೋತೀರಿ, ಅದ್ರಾಗ ನಾನೂ ಹೊಡೀಲೇನು?”

“ಅಕ್ಕಾರ ಪಕ್ಕಾರ ಅಂತ ನನ್ನ ಮಾಲಿಗೆ ಡಿಸ್ಕೌಂಟ್ ಕೊಡ್ಬೇಡ ಕಣೋ,” ಗಲ್ಲಾದಿಂದ ಕೃಷ್ಣಯ್ಯ ಕೂಗುತ್ತಿದ್ದ.

“ಅಕ್ಷರ ನನ್ನವು ಸಾವ್ಕಾರ್ರ. ನೀವು ಬರೇ ತಗಡು ಮಾರ್ತೀರಿ.”

ಕೆಲಸದಲ್ಲಿ ಅವನದೇ ಒಂದು ಕ್ರಮವಿತ್ತು. ಮೊದಲು ಮೇಲಿನ ಸಾಲನ್ನು ತಡೆಯಿಲ್ಲದೆ ಓಡಿಸುವುದು, ಒತ್ತುಗಳ ಗೊಡವೆಗೆ ಹೋಗದೆ. ಆಮೇಲೆ ಪಾತ್ರೆಯನ್ನು ಕೊಂಚ ಓರೆ ಹಿಡಿದು, ಎಲ್ಲೆಲ್ಲಿ ಕೆಳಗೆ ಜಾಗ ಕಾಯುತ್ತಿದೆಯೋ ಅಲ್ಲಲ್ಲಿ ಒತ್ತು ಇಳಿಸುತ್ತ ಬರುವುದು. ಸಾಲು ನೆಟ್ಟಗೆ ಬರುವ ಗುಟ್ಟು ಅದೇ. ಒಂದು ಒತ್ತು ಬಿಟ್ಟರೆ ಹೆಸರು ಬೋಳಾಗಿ ಕಾಣುತ್ತದೆ, ಕಣ್ಣಿಗೆ ತಾನಾಗಿ ಚುಚ್ಚುತ್ತದೆ ಅನ್ನುತ್ತಿದ್ದ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅವನ ಎಡಗಣ್ಣಿನ ಮುಂದೆ ನೊಣ ಹಾರಾಡತೊಡಗಿದವು. ಸಣ್ಣ ಕಪ್ಪು ಚುಕ್ಕೆಗಳು, ನೋಡಿದ ಕಡೆಗೇ ಓಡುವಂಥವು. ಕೆಲಸದ ನಡುವೆ ಕೈಬೀಸಿ ಓಡಿಸುತ್ತಿದ್ದ.

“ನೊಣ ಹೊಡೆಯೋದಕ್ಕೆ ಬೇರೆ ಜನ ಇದಾರೆ ಕಣೋ, ಹೆಸರು ಹಾಕು,” ಅಂದ ಕೃಷ್ಣಯ್ಯ. ಬೀದಿಯೆಲ್ಲ ನಕ್ಕಿತು. ಶ್ರೀಶೈಲನೂ ನಕ್ಕ.

ಆದರೆ ಈ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಪಕ್ಕೆಗೆ ಸರ್ಪಸುತ್ತು ಎದ್ದಿತ್ತು. ಕುಂಬಾರರ ಹತ್ತಿರ ಕೆಮ್ಮಣ್ಣು ಹಚ್ಚಿಸಿಕೊಂಡರೂ ಉರಿ ಹೋಗದೆ ಸರ್ಕಾರಿ ಆಸ್ಪತ್ರೆಗೆ ಹೋದಾಗ ರಕ್ತ ತೆಗೆದರು. ಎಚ್‌ಐವಿ ಇದೆ ಎಂದರು. ಈಗ ಮಾತ್ರೆ ಬಿಟ್ಟಿ ಸಿಗುತ್ತದೆ, ಹೆಸರು ಬರೆಸಿ ಎಂದರು. ಆ ಸಾಲಿನಲ್ಲಿ ನಿಂತದ್ದನ್ನು ಮಾರ್ಕೆಟ್ಟಿನವರು ಯಾರಾದರೂ ಕಂಡರೆ? ಬಟ್ಟೆ ಅಂಗಡಿಯಲ್ಲಿದ್ದಿದ್ದರೆ ಒಂದು ಮಾತು. ಅವನು ದಿನವಿಡೀ ಮುಟ್ಟುವುದು ಜನ ಉಣ್ಣುವ ತಟ್ಟೆ, ಕುಡಿಯುವ ಲೋಟ. ಮುಟ್ಟಿದರೆ ಅಂಟುವುದಿಲ್ಲ ಎಂದು ಆಸ್ಪತ್ರೆಯ ಗೋಡೆಯ ಮೇಲೆ ಬರೆದಿತ್ತು. ಆ ಗೋಡೆ ಓದಲು ವಿಜಯನಗರದ ಯಾವ ಗಿರಾಕಿ ಹೋಗುತ್ತಾನೆ? ಶ್ರೀಶೈಲ ಹೆಸರು ಬರೆಸಲಿಲ್ಲ. ಹೆಂಡತಿ ನೀಲಾಂಬಿಕಾಳಿಗೂ ಹೇಳಲಿಲ್ಲ. ಸರ್ಪಸುತ್ತು ಒಣಗಿತು, ಕಾಯಿಲೆಯೂ ಒಣಗಿತೆಂದು ನಂಬಿದ.

ಕಣ್ಣು ನೋಯಲಿಲ್ಲ, ಕೆಂಪಾಗಲಿಲ್ಲ. ನೊಂದಿದ್ದರೆ ಹೆದರುತ್ತಿದ್ದನೇನೋ. ಮೆಡಿಕಲ್ ಸ್ಟೋರಿನವನು ಕೊಟ್ಟ ಹನಿ ಬಿಟ್ಟುಕೊಂಡ. ನೊಣ ಹೋಗಿ ಹೊಗೆ ಬಂತು, ಹೊಗೆಯ ಹಿಂದೆ ಗೋಡೆ ಬಂತು. ಮಳೆಗಾಲ ಹಿಡಿಯುವ ಹೊತ್ತಿಗೆ ಎಡಗಣ್ಣು ಮುಚ್ಚಿದರೂ ತೆರೆದರೂ ಒಂದೇ. ಶ್ರೀಶೈಲ ಸ್ಟೂಲನ್ನು ಸ್ವಲ್ಪ ತಿರುಗಿಸಿಕೊಂಡು ಬಲಗಣ್ಣಿನಲ್ಲೇ ಕೆಲಸ ನಡೆಸಿದ. ಮೈ ಇಳಿದು ಕಾಲರಿನೊಳಗೆ ಕತ್ತು ತಿರುಗತೊಡಗಿತು. “ಡಯಟ್ ಏನೋ?” ಎಂದು ಕೃಷ್ಣಯ್ಯ ಕೇಳಿದ್ದಕ್ಕೆ, “ನಿಮ್ಮ ಸಂಬಳದಾಗ ಇನ್ನೇನ್ ಮಾಡ್ಲಿ ಸಾವ್ಕಾರ್ರ,” ಅಂದ.

ಅಷ್ಟರಲ್ಲಿ ಶ್ರೀಗಂಧದ ಕಾವಲಿನ ಅಕ್ಕಯ್ಯಮ್ಮ ಬಂದಳು. ಜಮೀನು ಲೇಔಟಾದ ಮೇಲೆ ಬಾಡಿಗೆ ಮನೆಗಳನ್ನು ಕಟ್ಟಿಸಿದ ಗಟ್ಟಿ ಹೆಂಗಸು. ಶ್ರೀಶೈಲ, ನೀಲಾಂಬಿಕಾ ಇದ್ದದ್ದೂ ಅವಳ ಒಂದು ಸಿಂಗಲ್ ರೂಮಿನಲ್ಲೇ. ಗಂಡ ದೊಡ್ಡಹನುಮಯ್ಯ ತೀರಿಕೊಂಡಿದ್ದ. ವೈಕುಂಠ ಸಮಾರಾಧನೆಗೆ ಬಂದವರಿಗೆಲ್ಲ ಅವನ ಹೆಸರಿನ ಒಂದೊಂದು ಸ್ಟೀಲ್ ಬಟ್ಟಲು. “ದಿವಂಗತ ದೊಡ್ಡಹನುಮಯ್ಯನವರ ಸ್ಮರಣಾರ್ಥ.” ಶ್ರೀಶೈಲ ರಾಶಿ ಬಟ್ಟಲಿನ ಮುಂದೆ ಬಗ್ಗಿ ಕೂತು ಮುಗಿಸಿಕೊಟ್ಟ.

ಸಮಾರಾಧನೆಯ ಮಾರನೆಯ ದಿನ ಅಕ್ಕಯ್ಯಮ್ಮ ಆಟೋದಲ್ಲಿ ಬಂದಿಳಿದಳು. ಬಟ್ಟಲೊಂದನ್ನು ಕೃಷ್ಣಯ್ಯನ ಮೂಗಿಗೆ ಹಿಡಿದಳು.

“ಓದಪ್ಪ.”

ಕೃಷ್ಣಯ್ಯ ಕನ್ನಡಕ ಏರಿಸಿ ಓದಿದ. “ದಿವಂಗತ ದೊಡಹನುಮಯನವರ ಸರಣಾರ್ಥ.”

“ದೊಡ! ನಮ್ಮೆಜಮಾನ್ರು ಬದುಕಿದ್ದಾಗ ಎಲ್ರೂ ದೊಡ್ಡಣ್ಣ ಅಂತಿದ್ರು. ಸತ್ತಿದ್ದಕ್ಕೆ ದೊಡ ಆದ್ರಾ? ಬೀಗ್ರೆಲ್ಲ ಪಂಕ್ತೀಲಿ ಕೂತ್ಕೊಂಡು ಓದಿ ನಗ್ತಾ ಪಾಯಸ ಕುಡುದ್ರು ಕಣಯ್ಯಾ!”

“ಲೋ, ಕುಡಿದಿದ್ಯೇನೋ?” ಕೃಷ್ಣಯ್ಯ ಶ್ರೀಶೈಲನ ಕಡೆ ತಿರುಗಿದ.

ಶ್ರೀಶೈಲ ಬಟ್ಟಲು ಇಸಿದುಕೊಂಡ. ಅವನಿಗೆ ಸಾಲು ಚೆನ್ನಾಗಿ ಕಂಡಿತು. ಕೆಳಗೆ ಏನೂ ತಪ್ಪಿದ ಹಾಗೆ ಅನಿಸಲಿಲ್ಲ. ಬಟ್ಟಲನ್ನು ಮೇಲೆತ್ತಿ ಹಿಡಿದ. ಆಗ ಸಾಲಿನ ಕೆಳಗಿನ ಬೋಳು ಕಂಡಿತು, ಒಂದಾದರೂ ಒತ್ತಿಲ್ಲ. ಬಟ್ಟಲನ್ನು ಮತ್ತೆ ಮಡಿಲಿಗಿಳಿಸಿದರೆ ಬೋಳು ಮಾಯ, ಎಲ್ಲ ಸರಿಯಿದ್ದ ಹಾಗೇ. ಕಪ್ಪಾಗಿದ್ದರೆ ಅಲ್ಲಿ ಏನೋ ಮರೆಯಾಗಿದೆ ಎಂದಾದರೂ ತಿಳಿಯುತ್ತಿತ್ತು. ಕಪ್ಪೂ ಇಲ್ಲ. ಕೆಳಗಿನ ಅರ್ಧ ಲೋಕವೇ ಇಲ್ಲ, ಇಲ್ಲವೆಂಬುದೂ ಕಾಣುತ್ತಿಲ್ಲ. ಮೆಟ್ಟಿಲಲ್ಲಿ ಎಡವಿದ್ದು, ತಟ್ಟೆಯಲ್ಲಿ ಪಲ್ಯ ಬಿಟ್ಟು ಎದ್ದದ್ದು, ನಾಯಿಯ ಬಾಲ ತುಳಿದದ್ದು, ಎಲ್ಲ ಒಟ್ಟಿಗೆ ಅರ್ಥವಾಯಿತು.

“ಕಣ್ಣು ಮಂಜಾಗೇತ್ರಿ,” ಅಂದ, ಅಷ್ಟೇ.

ಕೃಷ್ಣಯ್ಯ ಬೈದ. ಬಟ್ಟಲಿಗೆಲ್ಲ ಮತ್ತೆ ಒತ್ತು ಹಾಕಿಸಲು ಬೇರೊಬ್ಬನನ್ನು ಗೊತ್ತು ಮಾಡಿದ. ಮಾರನೆಯ ಬೆಳಗ್ಗೆ ತಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ದೊಡ್ಡ ಕಣ್ಣಾಸ್ಪತ್ರೆಗೆ ಕರೆದೊಯ್ದ. “ಪೊರೆ ಇರುತ್ತೆ ಬಿಡೋ, ತೆಗೆದು ಬಿಸಾಕ್ತಾರೆ. ಎರಡು ದಿನ ರಜ, ಸಂಬಳ ಕಟ್,” ಅಂದ. ಕೃಷ್ಣಯ್ಯನ ಬಾಯಲ್ಲಿ ಅದು ಸಮಾಧಾನದ ಮಾತು.

ಕಣ್ಣಿನ ಪಾಪೆ ಅಗಲವಾಗುವ ಹನಿ ಬಿಟ್ಟು, ಹಣೆಗೆ ದೀಪ ಕಟ್ಟಿಕೊಂಡು ಡಾಕ್ಟರಮ್ಮ ಬಹಳ ಹೊತ್ತು ನೋಡಿದಳು. ಅವಳು ಮಾತಾಡಿದಾಗ ದನಿ ಮೆತ್ತಗಿತ್ತು.

“ನೋಡಿ, ಕಣ್ಣಿನ ಹಿಂದೆ ಒಂದು ಪರದೆ ಇದೆ, ಥಿಯೇಟರ್‌ನಲ್ಲಿ ಇರುತ್ತಲ್ಲ ಹಾಗೆ. ಅದನ್ನ ಒಂದು ಸೋಂಕು ತಿಂತಾ ಇದೆ. ಎಡಗಣ್ಣಿಂದು ಪೂರ್ತಿ ಹೋಗಿದೆ, ಅದು ವಾಪಸ್ ಬರಲ್ಲ. ಬಲಗಣ್ಣಲ್ಲಿ ಮೇಲ್ಭಾಗ ಹೋಗಿದೆ. ಪರದೆ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತೆ, ಅದಕ್ಕೇ ನಿಮಗೆ ಕೆಳಗಡೆ ಕಾಣ್ತಿಲ್ಲ. ನಡುಭಾಗ ಇನ್ನೂ ಉಳಿದಿದೆ. ಅದು ಉಳಿದ್ರೆ ಕಣ್ಣು ಉಳಿದ ಹಾಗೆ.”

“ಉಳಸ್ರಿ ಅಮ್ಮಾರ.”

“ಈ ಸೋಂಕು ಸಾಮಾನ್ಯವಾಗಿ ಬರೋದು ಮೈಯಲ್ಲಿ ತಡೆಯೋ ಶಕ್ತಿ ತೀರಾ ಕುಸಿದವರಿಗೆ. ಯಾವಾಗಾದ್ರೂ ರಕ್ತ ಪರೀಕ್ಷೆ ಮಾಡಿಸಿದೀರಾ? ಏನಾದ್ರೂ ಹೇಳಿದ್ರಾ?”

ಶ್ರೀಶೈಲನ ಬಲಭುಜಕ್ಕೆ ಕೃಷ್ಣಯ್ಯನ ಭುಜ ತಾಗಿಕೊಂಡಿತ್ತು. ಅಂಗಡಿಯ ವಾಸನೆ, ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆಯ ವಾಸನೆ ಅವನಿಂದ ಬರುತ್ತಿತ್ತು.

“ಇಲ್ರಿ. ಏನೂ ಇಲ್ಲ.”

“ನಿಜ ಹೇಳಿ. ಬೇರೆ ಕಾರಣಕ್ಕೂ ಪರದೆ ಹೀಗಾಗಬಹುದು, ಆಗ ಔಷಧಿ ಬೇರೆ. ತಪ್ಪು ಔಷಧಿ ಹಾಕಿದ್ರೆ ಇರೋದೂ ಹೋಗುತ್ತೆ. ಇದು ಬೆಂಕಿ ತರ ಹರಡುತ್ತೆ, ಕಾಯೋಕೆ ಟೈಮಿಲ್ಲ.”

“ಏನೂ ಇಲ್ರಿ ಅಮ್ಮಾರ.”

“ಸರಿ, ಹಾಗಾದ್ರೆ ಈಗಲೇ ಕೆಳಗಡೆ ರಕ್ತ ಕೊಟ್ಟು ಬನ್ನಿ. ರಿಪೋರ್ಟ್ ನೋಡಿ ಇವತ್ತೇ ಶುರು ಮಾಡ್ತೀನಿ.”

ಕೃಷ್ಣಯ್ಯ ಸ್ಕೂಟರನ್ನು ನೆರಳಿಗೆ ನಿಲ್ಲಿಸಲು ಹೋದಾಗ ಶ್ರೀಶೈಲ ಲ್ಯಾಬಿನ ಬಾಗಿಲವರೆಗೆ ಹೋಗಿ, ಗೋಡೆ ಹಿಡಿದುಕೊಂಡು ತಿರುಗಿ ಬಂದ. “ನಾಳೆ ಖಾಲಿ ಹೊಟ್ಟೀಲೆ ಬಾ ಅಂದ್ರು ಸಾವ್ಕಾರ್ರ,” ಅಂದ. ಖಾಲಿ ಹೊಟ್ಟೆ ಅಂದರೆ ಯಾವ ವ್ಯಾಪಾರಿಯೂ ಎದುರು ಪ್ರಶ್ನೆ ಹಾಕುವುದಿಲ್ಲ. ರಕ್ತ ಅಂದರೆ ಸಕ್ಕರೆ ಕಾಯಿಲೆ, ಸಕ್ಕರೆ ಕಾಯಿಲೆ ಅಂದರೆ ಖಾಲಿ ಹೊಟ್ಟೆ. ಅರ್ಧ ಮಾರ್ಕೆಟ್ಟಿಗೆ ಅದೇ ಇದೆ.

ನಾಳೆ ಹೋಗಲಿಲ್ಲ. ನಾಡಿದ್ದೂ ಹೋಗಲಿಲ್ಲ. ಕೆಲಸಕ್ಕೂ ಹೋಗದೆ ರೂಮಿನಲ್ಲಿ ಕೂತು ಎದುರು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಪರೀಕ್ಷೆ ಮಾಡಿಕೊಂಡ. ಮೊದಲು ದೇವರ ಪಟದ ಕೆಳಗಿನ ತಾರೀಕುಗಳು ಇರಲಿಲ್ಲ. ಆಮೇಲೆ ತಿಂಗಳ ಹೆಸರು ಇರಲಿಲ್ಲ. ಒಂದು ಬೆಳಗ್ಗೆ ದೇವರ ಕಾಲೂ ಇರಲಿಲ್ಲ.

ಅವತ್ತು ಸಂಜೆ ನೀಲಾಂಬಿಕಾ ಮಾಗಡಿ ರಸ್ತೆಯ ಗಾರ್ಮೆಂಟ್ಸಿನಿಂದ ಬಂದು ಉಣ್ಣಲು ಇಟ್ಟಳು. ಅವನು ರೊಟ್ಟಿ ಮುರಿದು ಬರೀ ನೆಲಕ್ಕೆ ಅದ್ದಿದ. ಅವಳು ತಟ್ಟೆಯನ್ನು ಸರಿಸಿ ಅವನ ಎದುರಿಗೆ ಕೂತಳು.

“ಏನ್ರಿ ಇದು? ಪೂರಾ ಕಾಣವಲ್ದಾ?”

“ಮ್ಯಾಲಿಂದು ಕಾಣ್ತೈತಿ. ನಿನ್ನ ಹಣಿ ಕಾಣ್ತೈತಿ.”

“ದವಾಖಾನಿ ಒಳಗ ಏನಂದ್ರು? ಕೃಷ್ಣಯ್ಯನಾರು ರಕ್ತದ ರಿಪೋರ್ಟ್ ಬಂತೇನು ಅಂತ ಕೇಳಾಕ ಹತ್ಯಾರ. ಯಾವ ರಿಪೋರ್ಟ್?”

ಆಗ ಹೇಳಿದ. ಸರ್ಪಸುತ್ತಿನಿಂದ ಹಿಡಿದು ಎಲ್ಲ ಹೇಳಿದ. ಅವಳ ಹಣೆ ಮಾತ್ರ ಕಾಣುತ್ತಿತ್ತು. ಬಾಯಿ ಏನು ಮಾಡುತ್ತಿದೆ ಗೊತ್ತಾಗಲಿಲ್ಲ. ಪಕ್ಕದ ರೂಮಿನ ಟಿವಿಯಲ್ಲಿ ಯಾರೋ ನಗುತ್ತಿದ್ದರು.

“ಎರಡು ವರ್ಷ,” ಅಂದಳು. “ಎರಡು ವರ್ಷ ನನ್ನ ಬಾಜೂಕ ಮಕ್ಕೊಂಡ್ರಿ. ಒಂದು ದಿನ ಬಾಯಿ ಬರ್ಲಿಲ್ಲ ನಿಮಗ?”

“ಅಂಜಿದ್ಯಾ.”

“ನಾ ಯಾರಿಗೆ ಅಂಜ್ಲಿ ಈಗ?” ಅವಳು ಎದ್ದು ತಟ್ಟೆಯನ್ನು ಬಚ್ಚಲಿಗೆ ಎಸೆದಳು. ಆಮೇಲೆ ಮತ್ತೆ ಬಂದಳು. “ನಡೀರಿ, ನಾಳೆ ಇಬ್ಬರೂ ಹೋಗೂಣು. ಬೈಯೂದು ಆಮ್ಯಾಲೆ ಬೈತೀನಿ. ಕಣ್ಣು ಹೋದ್ಮ್ಯಾಲೆ ಬೈದ್ರ ನಿಮಗ ನನ್ನ ಮಾರೀ ಸುದ್ದಾ ಕಾಣೂದಿಲ್ಲ.”

ಇಬ್ಬರೂ ರಕ್ತ ಕೊಟ್ಟರು. ಇಬ್ಬರಿಗೂ ಇತ್ತು. ನೀಲಾಂಬಿಕಾ ಆಸ್ಪತ್ರೆಯ ಬೆಂಚಿನ ಮೇಲೆ ಅತ್ತಳು, ಬಸ್ಸಿನಲ್ಲಿ ಅಳಲಿಲ್ಲ, ಟಿಕೆಟ್ ತೆಗೆದುಕೊಂಡಳು. ಮಾತ್ರೆಗೆ ಇಬ್ಬರ ಹೆಸರೂ ಬರೆಸಿದ್ದಾಯಿತು. ಕಣ್ಣಿಗೆ ಮಾತ್ರ ಮಾತ್ರೆಯನ್ನು ಕಾಯುವ ವ್ಯವಧಾನವಿರಲಿಲ್ಲ. ಡಾಕ್ಟರಮ್ಮ ಅವತ್ತೇ ಮೊದಲ ಸೂಜಿ ಹಾಕಿ, ಇನ್ನು ಮೇಲೆ ವಾರಕ್ಕೆರಡು ಸಲ ಕಣ್ಣಿನೊಳಗೇ ಸೂಜಿ, ತಪ್ಪಿಸುವ ಹಾಗಿಲ್ಲ ಅಂದಳು. ಯಾರು ಕರೆದೊಯ್ಯುವುದು? ಗಾರ್ಮೆಂಟ್ಸಿನಲ್ಲಿ ವಾರಕ್ಕೆರಡು ರಜ ಕೇಳಿದರೆ ಮೂರನೆಯ ದಿನ ಗೇಟೇ ತೆಗೆಯುವುದಿಲ್ಲ. ಅವನೊಬ್ಬನೇ ರಸ್ತೆ ದಾಟಲಾರ. ಉಳಿದವನು ಕೃಷ್ಣಯ್ಯ ಒಬ್ಬ.

ಮಧ್ಯಾಹ್ನದ ಊಟದ ಹೊತ್ತು, ಅಂಗಡಿಯಲ್ಲಿ ಗಿರಾಕಿ ಇರದ ಸಮಯ ನೋಡಿ ನೀಲಾಂಬಿಕಾ ಅವನನ್ನು ಮೆಟ್ಟಿಲ ತನಕ ಬಿಟ್ಟು ಕೆಲಸಕ್ಕೆ ಓಡಿದಳು. ಶ್ರೀಶೈಲ ಹೊಸ್ತಿಲ ಮೇಲೆ ನಿಂತು ನೋಡಿದ. ಗಲ್ಲಾದ ಮೇಲೆ ಕೃಷ್ಣಯ್ಯನ ತಲೆ. ಹಿಂದೆ ತೂಗುಹಾಕಿದ ಬಿಂದಿಗೆಗಳು. ಬೇರೆ ತಲೆಯಿಲ್ಲ. ಮಾತಿಲ್ಲ. ಧೈರ್ಯ ಇಳಿದುಹೋಗುವ ಮೊದಲೇ ಗಟ್ಟಿಯಾಗಿ ಅಂದುಬಿಟ್ಟ.

“ಸಾವ್ಕಾರ್ರ, ನನಗ ಏಡ್ಸ್ ಆಗೇತ್ರಿ. ಅದಽ ನನ್ನ ಕಣ್ಣು ತಿನ್ನಾಕ ಹತ್ತೇತಿ. ನಾನು ಡಾಕ್ಟರಮ್ಮಗ ಸುಳ್ಳು ಹೇಳಿದ್ಯಾ. ನಮ್ಮಾಕಿಗೂ ಅಂಟಿಸೀನಿ. ವಾರಕ್ಕೆರಡು ಸಲ ಕಣ್ಣಿಗೆ ಸೂಜಿ ಹಾಕಿಸ್ಕೋಬೇಕಂತ. ಯಾರಿಗೂ ಹೇಳಬ್ಯಾಡ್ರಿ. ನನ್ನ ಕರಕೊಂಡ್ ಹೋಗ್ರಿ.”

“ಲೋ… ಮೆತ್ತಗೆ ಮಾತಾಡೋ,” ಕೃಷ್ಣಯ್ಯ ಗಲ್ಲಾದಿಂದ ಅರ್ಧ ಎದ್ದ.

“ಯಾಕ್ರಿ? ಯಾರದಾರ?”

ಅವನ ಮೊಳಕಾಲಿನ ಹತ್ತಿರದಿಂದಲೇ ಉತ್ತರ ಬಂತು. “ನಾನಿದೀನಪ್ಪ.” ಅಕ್ಕಯ್ಯಮ್ಮ. ಮಣೆಯ ಮೇಲೆ ಕೂತು ಇಡ್ಲಿ ಪಾತ್ರೆ ಆರಿಸುತ್ತಿದ್ದಳು. ಬಟ್ಟಲಿನ ಸಿಟ್ಟು ಇನ್ನೂ ಇಳಿಯದೆ, ಅವನು ಬಂದದ್ದು ಕಂಡೂ ಮಾತಾಡಿಸಿರಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಟಿಫಿನ್ ಕ್ಯಾರಿಯರ್ ಬಿಚ್ಚಿ ನೋಡುತ್ತಿದ್ದವನು ಎದುರಿನ ಪ್ಲಾಸ್ಟಿಕ್ ಅಂಗಡಿಯ ಚಕ್ರಪಾಣಿ. ಇಬ್ಬರೂ ಶ್ರೀಶೈಲನ ಇಲ್ಲದ ಅರ್ಧ ಲೋಕದಲ್ಲಿ ಕೂತಿದ್ದರು.

ಶ್ರೀಶೈಲ ಹೊಸ್ತಿಲ ಮೇಲೆಯೇ ಕುಸಿದ. ಕೂತಾಗ ಅವನ ಕಣ್ಣಿನ ಮಟ್ಟ ಇಳಿಯಿತು. ಆಗ ಅವರಿಬ್ಬರ ಮುಖ ಕಂಡವು. ಅಕ್ಕಯ್ಯಮ್ಮ ಕೈಯಲ್ಲಿದ್ದ ಇಡ್ಲಿ ಪಾತ್ರೆಯನ್ನು ಸದ್ದಾಗದ ಹಾಗೆ ಕೆಳಗಿಟ್ಟಳು, ಕೊಳ್ಳದೆ ಹೋದಳು. ಚಕ್ರಪಾಣಿ ಎದ್ದು ಗೋಡೆಗೆ ಒರಗಿ ನಿಂತ. ಅವನ ಮುಖ ಬಿಳಿಚಿತ್ತು.

“ಬೇಕೂಫಾ, ಅವತ್ತೇ ಡಾಕ್ಟರಮ್ಮನಿಗೆ ಹೇಳೋದಲ್ವೇನೋ!” ಕೃಷ್ಣಯ್ಯ ಹಲ್ಲು ಕಚ್ಚಿ ಅಂದ. “ನಾನು ಎದ್ದು ಆಚೆ ಹೋಗ್ತಿದ್ದೆ. ಆಚೆ ಹೋಗಿ ಅನ್ನೋಕೆ ನಿನಗೆ ನಾಲಿಗೆ ಇರ್ಲಿಲ್ವಾ?” ಸ್ಕೂಟರಿನ ಕೀಲಿ ತೆಗೆದ. ಆಮೇಲೆ ಇನ್ನೊಂದು ಮಾತನ್ನೂ ಅಲ್ಲೇ ಅಂದ: “ಸ್ಟೂಲ್ ಮೇಲೆ ಇನ್ನು ಕೂರಬೇಡ. ನನ್ನ ಅಂಗಡಿ ಮುಳುಗುತ್ತೆ.”

ಎರಡು ಮಾತನ್ನೂ ಅವನು ನಡೆಸಿದ. ಸ್ಟೂಲು ಅವತ್ತೇ ಗೋದಾಮು ಸೇರಿತು. ಸ್ಕೂಟರು ವಾರಕ್ಕೆರಡು ಸಲ ಶ್ರೀಗಂಧದ ಕಾವಲಿನ ರೂಮಿನ ಮುಂದೆ ನಿಂತಿತು. ಹೋಗುವಾಗ ದಾರಿಯುದ್ದಕ್ಕೂ ಬೈಗುಳ, ಬರುವಾಗ ಎಳನೀರು. ಅಕ್ಕಯ್ಯಮ್ಮ ರೂಮು ಖಾಲಿ ಮಾಡಿ ಎಂದು ಹೇಳಿ ಕಳಿಸಿದಳು. ಆಮೇಲೆ ತಿಂಗಳು ತಿಂಗಳು ಹೇಳಿ ಕಳಿಸುತ್ತಲೇ ಇದ್ದಳು, ಖಾಲಿ ಮಾಡಿಸಲು ಮಾತ್ರ ಬರಲಿಲ್ಲ. ಮಾರ್ಕೆಟ್ಟಿನಲ್ಲಿ ಅವನಿಗೆ ಎಲ್ಲಿಂದ ಬಂತಂತೆ ಎಂದು ಕೇಳಿದವರು ಬಹಳ. ಹೇಗಿದ್ದಾನಂತೆ ಎಂದು ಕೇಳಿದವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು.

ಸೂಜಿ ಮೇಲಿನಿಂದ ಬರುವುದು ಅವನಿಗೆ ಕಾಣುತ್ತಿತ್ತು. ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಗೆ ತಂತಿ ಸಿಕ್ಕಿಸಿ, ಕೆಳಗೆ ನೋಡಿ ಅಂದರೆ ಕೆಳಗೆ ನೋಡುತ್ತಿದ್ದ. ಒತ್ತಿದ ಹಾಗೆ ಒಂದು ನೋವು. ಒಳಗೆ ಔಷಧಿ ಎಣ್ಣೆಯ ಹಾಗೆ ಸುರುಳಿ ಸುತ್ತಿಕೊಂಡು ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ಕೂಗದಿರಲೆಂದು ಗೊತ್ತಿದ್ದ ಹೆಸರುಗಳನ್ನೆಲ್ಲ ಒತ್ತು ಸಮೇತ ಮನಸ್ಸಿನಲ್ಲೇ ಕೊರೆಯುತ್ತಿದ್ದ.

ಬೆಂಕಿ ನಿಂತಿತು. ನಡುಭಾಗ ಉಳಿಯಿತು, ಒಂದು ಕಿಟಕಿಯಷ್ಟು. ಆ ಕಿಟಕಿಯಲ್ಲಿ ನೀಲಾಂಬಿಕಾಳ ಹಣೆ, ಹುಬ್ಬು, ಸರಿಯಾಗಿ ಕೂತರೆ ಮೂಗುಬೊಟ್ಟು. ಮಾತ್ರೆ ಮೈಗೆ ಹತ್ತಿತು, ಇಳಿದ ಮೈ ತುಂಬತೊಡಗಿತು. ದೀಪಾವಳಿಗೆ ಕೃಷ್ಣಯ್ಯ ತಂದ ಹೊಸ ಅಂಗಿಯ ಬಣ್ಣವನ್ನು ಶ್ರೀಶೈಲ ತಾನೇ ಹೇಳಿದ.

ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಗ್ಗೆ ಕಿಟಕಿಯ ಮೂಲೆಯಿಂದ ಕಪ್ಪು ಸೆರಗೊಂದು ಇಳಿಯತೊಡಗಿತು. ಮಧ್ಯಾಹ್ನ ಆಸ್ಪತ್ರೆ ಮುಟ್ಟುವಾಗ ಕಿಟಕಿ ಮುಚ್ಚಿತ್ತು. ಸೋಂಕು ತಿಂದ ಪರದೆ ತೆಳ್ಳಗಾಗಿ ಹರಿದು ಕಳಚಿದೆ ಎಂದರು. ಆಪರೇಷನ್ ಮಾಡಿ, ಪರದೆಯನ್ನು ಒತ್ತಿ ಹಿಡಿಯಲು ಒಳಗೆ ಎಣ್ಣೆ ತುಂಬಿದರು. ಪರದೆ ಕೂರಲಿಲ್ಲ. ಇನ್ನೊಂದು ಸಲ ಮಾಡಿದರು. ಕೂರಲಿಲ್ಲ.

“ಮೊದಲ್ನೇ ದಿನಾನ ನಾ ಖರೇ ಹೇಳಿದ್ರ ಉಳೀತಿತ್ತೇನ್ರಿ ಅಮ್ಮಾರ?”

ಡಾಕ್ಟರಮ್ಮ ಅವನಿಗೆ ಸುಳ್ಳು ಹೇಳಲಿಲ್ಲ. “ಉಳೀತಿತ್ತು ಅಂತ ಆಣೆ ಮಾಡಲ್ಲ. ಆದ್ರೆ ಇಷ್ಟು ತಿಂದಿರ್ತಿರ್ಲಿಲ್ಲ.”

ಅವತ್ತು ಸ್ಕೂಟರಿನ ಮೇಲೆ ಕೃಷ್ಣಯ್ಯ ಬೈಯಲಿಲ್ಲ. ಎಳನೀರಿಗೂ ನಿಲ್ಲಿಸಲಿಲ್ಲ. ಶ್ರೀಶೈಲ ಅವನ ಬೆನ್ನಿಗೆ ಹಣೆ ಹಚ್ಚಿಕೊಂಡು ಬಂದ.

ಶ್ರೀಶೈಲ ಇದ್ದಾನೆ. ಕಾಯಿಲೆ ಮಾತ್ರೆಯ ಕೈಕೆಳಗಿದೆ, ಉಸಿರಿಗೆ ತೊಂದರೆಯಿಲ್ಲ. ನೀಲಾಂಬಿಕಾ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೈಯುವುದು ಬಾಕಿಯಿದೆ ಅನ್ನುತ್ತಾಳೆ, ಇನ್ನೂ ಬೈದಿಲ್ಲ. ಅವನು ಹಗಲೆಲ್ಲ ಬಾಗಿಲಲ್ಲಿ ಕೂತು, ಬಂದವರ ಹೆಜ್ಜೆ ಕೇಳಿ, ಯಾರದಾರ ಎಂದು ಎರಡು ಸಲ ಕೇಳಿದ ಮೇಲೇ ಬಾಯಿ ತೆರೆಯುತ್ತಾನೆ.

ಚಕ್ರಪಾಣಿ ಅವತ್ತು ಟಿಫಿನ್ ಕ್ಯಾರಿಯರ್ ಅಲ್ಲೇ ಬಿಟ್ಟು ಎದ್ದುಹೋದವನು ಮೂರು ದಿನ ಊಟ ಮಾಡಲಿಲ್ಲ. ಅವನೊಳಗೂ ಅದುಮಿಟ್ಟ ಹಳೆಯ ಅನುಮಾನವೊಂದಿತ್ತು, ನಾಲ್ಕನೆಯ ದಿನ ಯಾರಿಗೂ ಹೇಳದೆ ಹೋಗಿ ರಕ್ತ ಕೊಟ್ಟ. ಅವನಿಗೂ ಇತ್ತು. ಆದರೆ ಅದು ಕಣ್ಣಿನವರೆಗೆ ಬಂದಿರಲಿಲ್ಲ, ಮಾತ್ರೆ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಇವತ್ತು ಅಂಗಡಿಯ ಲೆಕ್ಕ ಅವನೇ ಬರೆಯುತ್ತಾನೆ, ಮಗಳಿಗೆ ಪಾಠ ಓದಿ ಹೇಳುತ್ತಾನೆ.

ಚಕ್ರಪಾಣಿ ನನ್ನ ತಮ್ಮ. ಅವನ ಎರಡು ಕಣ್ಣಿಗೆ ನಾನು ಶ್ರೀಶೈಲನ ಋಣದಲ್ಲಿದ್ದೇನೆ.